ಸಾಮಾಜಿಕ ಜಾಲತಾಣದ ಜನಪ್ರಿಯತೆ ಸಂಸ್ಥೆಗೆ ಹಣ ತರುತ್ತದೆಯೇ? ಕೂ, ನಂದಿನಿ, ಆರ್‌ಸಿಬಿ ಮತ್ತು ನಮ್ಮ ಸಂಘ-ಸಂಸ್ಥೆಗಳು

ಸಹಕಾರನಗರ, ಯಲಹಂಕ, ಹೆಬ್ಬಾಳ, ಆರ್.ಟಿ. ನಗರದ ಕಡೆ ಸಂಜೆ ಹೊತ್ತು ಯಾವ ತಿಂಡಿ ಅಂಗಡಿಯ ಮುಂದೆ ನಿಂತರೂ ಯಾರಾದರೊಬ್ಬರು ಮೊಬೈಲ್ ಎತ್ತಿ ಹಿಡಿದು ವಿಡಿಯೊ ಮಾಡುತ್ತಿರುವುದು ಕಾಣುತ್ತದೆ. ಕಾವಲಿಯ ಮೇಲೆ ಕರಗುವ ಬೆಣ್ಣೆಯನ್ನು ಒಂದೆರಡು ದಿನದಲ್ಲಿ ಸಾವಿರಾರು ಜನ ನೋಡುತ್ತಾರೆ. ಈ ಅಭ್ಯಾಸ ಹೋಟೆಲುಗಳಲ್ಲಿ ಮಾತ್ರ ನಿಂತಿಲ್ಲ. ನಮ್ಮ ಬಸದಿ ಸಮಿತಿ, ಟ್ರಸ್ಟ್, ಮಹಿಳಾ ಸಮಾಜ, ವಿದ್ಯಾರ್ಥಿನಿಲಯಗಳ ಸಭೆಗಳಲ್ಲೂ ಈಗ ಒಂದು ಮಾತು ತಪ್ಪದೆ ಬರುತ್ತದೆ: ನಮ್ಮದೂ ಒಂದು ಪೇಜ್ ಆಗಬೇಕು, ವಿಡಿಯೊ ಹಾಕಬೇಕು, ಜನ ನೋಡಿದರೆ ದೇಣಿಗೆ ತಾನಾಗಿಯೇ ಬರುತ್ತದೆ.

ಹೀಗೆನ್ನುವವರು ಸಾಮಾನ್ಯವಾಗಿ ತರುಣರು. ಖಜಾಂಚಿಯಾಗಿರುವ ಹಿರಿಯರ ಪ್ರಶ್ನೆ ಬೇರೆ. ಕ್ಯಾಮೆರಾದವರಿಗೆ, ಎಡಿಟಿಂಗ್‌ಗೆ, ಫೇಸ್‌ಬುಕ್ ಜಾಹೀರಾತಿಗೆ ಎಂದು ಕೊಡುವ ಹಣ ದಾನಿಗಳದ್ದು. ಅದು ವಾಪಸು ಬರುತ್ತದೆ ಎಂಬುದಕ್ಕೆ ಲೆಕ್ಕ ಎಲ್ಲಿದೆ? ಇಬ್ಬರದೂ ನ್ಯಾಯವಾದ ಮಾತೇ. ಮನೆಯಲ್ಲಿ ಹಪ್ಪಳ, ಸಂಡಿಗೆ, ಚಟ್ನಿಪುಡಿ ಮಾಡಿ ಮಾರುವ ಕುಟುಂಬಗಳಿಗೂ, ಕಾಂಡಿಮೆಂಟ್ಸ್ ಅಂಗಡಿ ಇಟ್ಟವರಿಗೂ ಇದೇ ಪ್ರಶ್ನೆ ಇದೆ. ಈ ಬಗ್ಗೆ ಊಹೆಯ ಮೇಲೆ ವಾದ ಮಾಡುವುದಕ್ಕಿಂತ, ನಮ್ಮ ಬೆಂಗಳೂರಿನಲ್ಲೇ ಕಣ್ಣೆದುರು ನಡೆದಿರುವ ಕೆಲವು ಪ್ರಸಂಗಗಳನ್ನು ನೋಡುವುದು ಒಳ್ಳೆಯದು.

ಕೋಟಿ ಜನ ಬಳಸಿದರೂ ಮುಚ್ಚಿದ ‘ಕೂ’

ಜನಪ್ರಿಯತೆಯೇ ವ್ಯಾಪಾರವಾಗಿದ್ದ ಸಂಸ್ಥೆಯೊಂದು ಬೆಂಗಳೂರಿನಲ್ಲಿ ಹುಟ್ಟಿತ್ತು. ಅದೇ ‘ಕೂ’. ಅಪ್ರಮೇಯ ರಾಧಾಕೃಷ್ಣ ಮತ್ತು ಮಯಾಂಕ್ ಬಿಡವಟ್ಕ 2020ರಲ್ಲಿ ಆರಂಭಿಸಿದ ಈ ಆ್ಯಪ್ ಮೊದಮೊದಲು ಬಳಕೆಗೆ ಬಂದದ್ದು ಕನ್ನಡದಲ್ಲಿ. ಟ್ವಿಟರ್ ಇಂಗ್ಲಿಷ್ ಬಲ್ಲವರ ಜಗುಲಿಯಂತಿದ್ದಾಗ, ಹಳದಿ ಹಕ್ಕಿಯ ಈ ಆ್ಯಪ್‌ನಲ್ಲಿ ಕನ್ನಡಿಗರು ಕನ್ನಡದಲ್ಲೇ ಬರೆಯತೊಡಗಿದರು. ಅದೇ ವರ್ಷ ಕೇಂದ್ರ ಸರ್ಕಾರದ ಆತ್ಮನಿರ್ಭರ ಆ್ಯಪ್ ಸ್ಪರ್ಧೆಯಲ್ಲಿ ಅದಕ್ಕೆ ಬಹುಮಾನ ಬಂತು. 2021ರ ಫೆಬ್ರುವರಿಯಲ್ಲಿ, ರೈತರ ಹೋರಾಟದ ಸಂದರ್ಭದಲ್ಲಿ ಸರ್ಕಾರಕ್ಕೂ ಟ್ವಿಟರ್‌ಗೂ ಜಟಾಪಟಿ ನಡೆದಾಗ, ಕೇಂದ್ರ ಸಚಿವರೇ ಸಾಲಾಗಿ ‘ಕೂ’ ಸೇರಿದರು. ಜಾವಗಲ್ ಶ್ರೀನಾಥ್ ಅವರಂಥವರು ಅದರಲ್ಲಿ ಹಣ ತೊಡಗಿಸಿದರು. ಟೈಗರ್ ಗ್ಲೋಬಲ್, ಆಕ್ಸೆಲ್ ಮುಂತಾದ ಹೂಡಿಕೆದಾರರಿಂದ ಒಟ್ಟು 6 ಕೋಟಿ ಡಾಲರಿಗೂ ಹೆಚ್ಚು ಬಂಡವಾಳ ಬಂತು.

ಉತ್ತುಂಗದಲ್ಲಿದ್ದಾಗ ದಿನಕ್ಕೆ 21 ಲಕ್ಷ ಜನ, ತಿಂಗಳಿಗೆ ಸುಮಾರು 1 ಕೋಟಿ ಜನ ಅದನ್ನು ಬಳಸುತ್ತಿದ್ದರು ಎಂದು ಸ್ಥಾಪಕರೇ ಬರೆದಿದ್ದಾರೆ. ಡೌನ್‌ಲೋಡ್ ಲೆಕ್ಕ 6 ಕೋಟಿ. 2022ರ ಕೊನೆಯಲ್ಲಿ ಬ್ರೆಜಿಲ್‌ನಲ್ಲೂ ಅದು ಏಕಾಏಕಿ ಮನೆಮಾತಾಯಿತು. ಅದಕ್ಕೆ ಅರ್ಧ ಕಾರಣ ಪೋರ್ಚುಗೀಸ್ ಭಾಷೆಯಲ್ಲಿ ಆ ಹೆಸರಿಗೆ ಇರುವ ತಮಾಷೆಯ ಅರ್ಥ. ಇಷ್ಟಾಗಿಯೂ 2021–22ರ ಒಂದೇ ವರ್ಷದಲ್ಲಿ ಸುಮಾರು 197 ಕೋಟಿ ರೂಪಾಯಿ ನಷ್ಟ. ವಹಿವಾಟಿನಿಂದ ಬಂದ ಆದಾಯ ಮಾತ್ರ ಲಕ್ಷದ ಲೆಕ್ಕದಲ್ಲೇ ಇತ್ತು. 2023ರ ಏಪ್ರಿಲ್ ಹೊತ್ತಿಗೆ ಸಿಬ್ಬಂದಿಯಲ್ಲಿ ಶೇ. 30ರಷ್ಟು ಜನರನ್ನು ಕೈಬಿಟ್ಟರು. ದೊಡ್ಡ ಸಂಸ್ಥೆಗಳೊಂದಿಗೆ ಸೇರಿಕೊಳ್ಳುವ ಮಾತುಕತೆಗಳೂ ಕೈಗೂಡಲಿಲ್ಲ. 2024ರ ಜುಲೈ 3ರಂದು ಸ್ಥಾಪಕರು ‘ಕೂ’ ಮುಚ್ಚುವುದಾಗಿ ಪ್ರಕಟಿಸಿದರು.

ಇಲ್ಲಿ ಜನ ಇರಲಿಲ್ಲ ಎನ್ನುವಂತಿಲ್ಲ, ಮೆಚ್ಚುಗೆ ಇರಲಿಲ್ಲ ಎನ್ನುವಂತೆಯೂ ಇಲ್ಲ. ಇಲ್ಲದಿದ್ದದ್ದು ಗಲ್ಲಾಪೆಟ್ಟಿಗೆ. ಬಳಸುವವರು ಹಣ ಕೊಡುವವರಾಗಿರಲಿಲ್ಲ. ಹಣ ಕೊಡಬೇಕಾದ ಜಾಹೀರಾತುದಾರರು ಅದಾಗಲೇ ಗೂಗಲ್, ಫೇಸ್‌ಬುಕ್‌ಗಳ ಖಾಯಂ ಗಿರಾಕಿಗಳು. ಇತ್ತ ಬಳಕೆದಾರರು ಹೆಚ್ಚಿದಷ್ಟೂ ಸರ್ವರ್ ಖರ್ಚು, ಸಿಬ್ಬಂದಿ ಖರ್ಚು ಹೆಚ್ಚುತ್ತಲೇ ಹೋಯಿತು. ಜನಪ್ರಿಯತೆಗೆ ಖರ್ಚು ಮೊದಲು ಬರುತ್ತದೆ, ಆದಾಯ ಬಂದರೆ ನಂತರ ಬರುತ್ತದೆ ಎಂಬುದನ್ನು ನಮ್ಮ ಸಣ್ಣ ಸಂಸ್ಥೆಗಳೂ ಗಮನಿಸಬೇಕು. ಉತ್ಸವದ ನೇರ ಪ್ರಸಾರಕ್ಕೆ ಕ್ಯಾಮೆರಾ ತಂಡಕ್ಕೆ ಕೊಟ್ಟ ಮುಂಗಡ ಅದೇ ದಿನ ಖರ್ಚಿನ ಪುಸ್ತಕದಲ್ಲಿ ಬೀಳುತ್ತದೆ. ನೋಡಿದವರ ದೇಣಿಗೆ ಜಮಾ ಪುಟದಲ್ಲಿ ಯಾವಾಗ ಬರುತ್ತದೋ ಹೇಳಲಾಗದು.

ನಂದಿನಿ: ಪ್ರೀತಿ ಬೇರೆ, ಟೆಂಡರ್ ಬೇರೆ

ಇದಕ್ಕೆ ಪೂರ್ತಿ ವಿರುದ್ಧವಾದ ಉದಾಹರಣೆ ಸಹಕಾರನಗರದ ಹತ್ತಿರವೇ ಇದೆ. ಯಲಹಂಕದಲ್ಲಿರುವ ಮದರ್ ಡೇರಿ ಕರ್ನಾಟಕ ಹಾಲು ಮಹಾಮಂಡಳದ ಘಟಕ. ಬೆಳಗಿನ ಜಾವ ಈ ಭಾಗದಲ್ಲಿ ಓಡಾಡುವವರಿಗೆ ಹಾಲಿನ ವಾಹನಗಳು ಹೊಸವಲ್ಲ. 1974ರಲ್ಲಿ ಡೇರಿ ಅಭಿವೃದ್ಧಿ ನಿಗಮವಾಗಿ ಶುರುವಾಗಿ, 1984ರಲ್ಲಿ ಹಾಲು ಮಹಾಮಂಡಳವಾದ ಈ ಸಹಕಾರಿ ಸಂಸ್ಥೆಗೆ ‘ನಂದಿನಿ’ ಎಂಬ ಹೆಸರೇ ದೊಡ್ಡ ಆಸ್ತಿ.

2023ರ ಏಪ್ರಿಲ್ 5ರಂದು ಅಮುಲ್ ಸಂಸ್ಥೆ ಬೆಂಗಳೂರಿನಲ್ಲಿ ಹಾಲು-ಮೊಸರನ್ನು ಆನ್‌ಲೈನ್ ಮೂಲಕ ಮಾರುವುದಾಗಿ ಟ್ವಿಟರ್‌ನಲ್ಲಿ ಪ್ರಕಟಿಸಿತು. ವಿಧಾನಸಭೆ ಚುನಾವಣೆಗೆ ಆಗ ತಿಂಗಳು ಮಾತ್ರ ಬಾಕಿ. ಒಂದೆರಡು ದಿನದಲ್ಲಿ ‘ಸೇವ್ ನಂದಿನಿ’, ‘ಗೋ ಬ್ಯಾಕ್ ಅಮುಲ್’ ಎಂಬ ಮಾತುಗಳು ಎಲ್ಲರ ಮೊಬೈಲಿನಲ್ಲಿ ತುಂಬಿಹೋದವು. ಬೆಂಗಳೂರಿನ ಹೋಟೆಲ್ ಮಾಲೀಕರ ಸಂಘ ನಂದಿನಿಯನ್ನೇ ಬಳಸುವುದಾಗಿ ಹೇಳಿತು. ಮುಂದಿನ ವರ್ಷ, 2024ರ ಜೂನ್‌ನಲ್ಲಿ, ಟಿ20 ವಿಶ್ವಕಪ್‌ನಲ್ಲಿ ಸ್ಕಾಟ್ಲೆಂಡ್ ಮತ್ತು ಐರ್ಲೆಂಡ್ ತಂಡಗಳಿಗೆ ನಂದಿನಿ ಪ್ರಾಯೋಜಕತ್ವ ನೀಡಿತು. ದೂರದ ದೇಶದ ಆಟಗಾರರ ಜೆರ್ಸಿಯ ಮೇಲೆ ನಮ್ಮ ಹಾಲಿನ ಹೆಸರು ಕಂಡು ಕನ್ನಡಿಗರು ಹಿಗ್ಗಿ ಹೀರೇಕಾಯಿಯಾಗಿ ಹಂಚಿಕೊಂಡರು. ಜನಪ್ರಿಯತೆ ಎಂದರೆ ಇದಕ್ಕಿಂತ ಹೆಚ್ಚು ಯಾವ ಸಂಸ್ಥೆಗೆ ಬೇಕು?

ಆದರೆ ಇದೇ ಅವಧಿಯಲ್ಲಿ ಹಣದ ಕಡೆ ಏನಾಯಿತು ನೋಡಿ. ‘ಸೇವ್ ನಂದಿನಿ’ ಅಲೆ ಎದ್ದ ನಾಲ್ಕೇ ತಿಂಗಳಿಗೆ ತಿರುಪತಿಗೆ ನಂದಿನಿ ತುಪ್ಪ ಹೋಗುವುದಿಲ್ಲ ಎಂಬ ಸುದ್ದಿ ಬಂತು. ತಿರುಮಲದ ಟೆಂಡರ್‌ನಲ್ಲಿ ಬೇರೆಯವರು ಇನ್ನೂ ಕಡಿಮೆ ದರ ಬರೆದಿದ್ದರು, ಆ ದರಕ್ಕೆ ಕೊಡಲು ತಮಗೆ ಸಾಧ್ಯವಿಲ್ಲ ಎಂದು ಮಹಾಮಂಡಳ ಹೇಳಿತು. ಟೆಂಡರ್ ಪೆಟ್ಟಿಗೆ ಲೈಕುಗಳನ್ನು ಎಣಿಸುವುದಿಲ್ಲ. ಒಂದು ವರ್ಷ ಕಳೆದು 2024ರ ಆಗಸ್ಟ್‌ನಲ್ಲಿ ಸರಬರಾಜು ಮತ್ತೆ ಶುರುವಾಯಿತು. ಅದರ ಬೆನ್ನಿಗೇ ಸೆಪ್ಟೆಂಬರ್‌ನಲ್ಲಿ ಲಡ್ಡು ತುಪ್ಪದ ಕಲಬೆರಕೆ ವಿವಾದ ಎದ್ದಾಗ, ಕರ್ನಾಟಕ ಸರ್ಕಾರ ಮುಜರಾಯಿ ಇಲಾಖೆಯ ದೇವಸ್ಥಾನಗಳಲ್ಲಿ ನಂದಿನಿ ತುಪ್ಪವನ್ನೇ ಬಳಸಬೇಕೆಂದು ಆದೇಶಿಸಿತು. ಇಲ್ಲಿ ಮಾರಾಟ ತಂದದ್ದು ಶುದ್ಧತೆಯ ಮೇಲಿನ ನಂಬಿಕೆ ಮತ್ತು ಒಂದು ಸರ್ಕಾರಿ ಆದೇಶ. ಆ ನಂಬಿಕೆ ಹ್ಯಾಷ್‌ಟ್ಯಾಗ್‌ನಿಂದ ಹುಟ್ಟಿದ್ದಲ್ಲ. ದಶಕಗಳ ಕಾಲ ದಿನವೂ ಬೆಳಗ್ಗೆ ಬಾಗಿಲಿಗೆ ಬಂದ ಪ್ಯಾಕೆಟ್ಟಿನಿಂದ ಹುಟ್ಟಿದ್ದು. ದೇವರ ಅಭಿಷೇಕಕ್ಕೆ, ದೀಪಕ್ಕೆ ತುಪ್ಪ ತರುವ ನಮ್ಮ ಮನೆಗಳಲ್ಲಿ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಹಾಲಿನ ಬೆಲೆಯ ಕಥೆಯೂ ಅಷ್ಟೇ. 2023ರ ಆಗಸ್ಟ್‌ನಲ್ಲಿ ಲೀಟರಿಗೆ 3 ರೂಪಾಯಿ, 2025ರ ಏಪ್ರಿಲ್‌ನಲ್ಲಿ 4 ರೂಪಾಯಿ ಏರಿತು. ಎರಡು ಸಲವೂ ಕಾರಣ ಮೇವು, ಹಿಂಡಿ, ಸಾಗಾಣಿಕೆಯ ಖರ್ಚು ಮತ್ತು ರೈತರಿಗೆ ಕೊಡಬೇಕಾದ ದರ. ತೀರ್ಮಾನ ಆದದ್ದು ಸರ್ಕಾರದ ಮಟ್ಟದಲ್ಲಿ. ಹಾಸನದ ಅಥವಾ ತುಮಕೂರಿನ ಹಳ್ಳಿಯಲ್ಲಿ ಎರಡು ಹಸು ಕಟ್ಟಿದವನಿಗೆ ಸ್ಕಾಟ್ಲೆಂಡ್ ಜೆರ್ಸಿಯಿಂದ ಎಷ್ಟು ಬಂತು ಎಂದು ಕೇಳಿದರೆ, ಅವನು ಡೇರಿಯ ಪಾಸ್‌ಬುಕ್ ತೋರಿಸಿಯಾನು. ಪ್ರಾಯೋಜಕತ್ವ ತಪ್ಪು ಎಂದು ನನ್ನ ಮಾತಿನ ಅರ್ಥವಲ್ಲ. ಹೊರ ರಾಜ್ಯ, ಹೊರ ದೇಶಗಳಲ್ಲಿ ಮಾರುಕಟ್ಟೆ ಹುಡುಕುವ ಸಂಸ್ಥೆಗೆ ಹೆಸರು ತಿಳಿಸುವುದು ಬೇಕು. 2024ರ ನವೆಂಬರ್‌ನಲ್ಲಿ ನಂದಿನಿ ದೆಹಲಿಗೆ ಹೋದದ್ದು ಇದೇ ದಾರಿಯಲ್ಲಿ. ಆದರೆ ಹೆಸರು ಕೇಳಿದ ದೆಹಲಿಯ ಗೃಹಿಣಿಗೆ ಹತ್ತಿರದ ಅಂಗಡಿಯಲ್ಲಿ ಪ್ಯಾಕೆಟ್ ಸಿಗಬೇಕು, ನಾಳೆಯೂ ಸಿಗಬೇಕು. ಅಷ್ಟಾದರೆ ಮಾತ್ರ ಹೆಸರು ಹಣವಾಗುತ್ತದೆ.

ಮೈಸೂರು ಸ್ಯಾಂಡಲ್ ಸಾಬೂನಿನದು ಇದರ ಮಗ್ಗುಲು. 2025ರ ಮೇ ತಿಂಗಳಲ್ಲಿ ನಟಿ ತಮನ್ನಾ ಭಾಟಿಯಾ ಅವರನ್ನು 6.2 ಕೋಟಿ ರೂಪಾಯಿಗೆ ಎರಡು ವರ್ಷದ ರಾಯಭಾರಿಯಾಗಿ ನೇಮಿಸಿದಾಗ ಜಾಲತಾಣಗಳಲ್ಲಿ ಕನ್ನಡಿಗರ ಆಕ್ಷೇಪ ಭುಗಿಲೆದ್ದಿತು. ಹೊರಗಿನ ಮಾರುಕಟ್ಟೆಯನ್ನು ಗಮನದಲ್ಲಿಟ್ಟು ಮಾಡಿದ ಆಯ್ಕೆ ಎಂದು ಸರ್ಕಾರ ಸಮಜಾಯಿಷಿ ಕೊಟ್ಟಿತು. ಆ ಗದ್ದಲದಲ್ಲಿ ಹಲವರು ಗಮನಿಸದ ಒಂದು ಅಂಶವಿದೆ. ಜಾಲತಾಣದಲ್ಲಿ ಅಂಥ ಸದ್ದೇನೂ ಮಾಡದ ಈ ಶತಮಾನ ದಾಟಿದ ಸಾಬೂನಿನ ಸಂಸ್ಥೆಯ ವಹಿವಾಟು 2024–25ರಲ್ಲೇ 1,700 ಕೋಟಿ ರೂಪಾಯಿ ದಾಟಿತ್ತು.

ಲೈಕ್ ಒತ್ತಿದವರು ಕೊಳ್ಳುತ್ತಾರೆಯೇ?

ಇದನ್ನು ವಿದ್ವಾಂಸರು ಪ್ರಯೋಗ ಮಾಡಿಯೇ ನೋಡಿದ್ದಾರೆ. ಲೆಸ್ಲಿ ಜಾನ್, ಡೇನಿಯಲ್ ಮೋಚನ್ ಮತ್ತು ಸಂಗಡಿಗರು 18,000ಕ್ಕೂ ಹೆಚ್ಚು ಜನರ ಮೇಲೆ 23 ಪ್ರಯೋಗ ನಡೆಸಿ, ಅದರ ಸಾರವನ್ನು 2017ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಪ್ರಕಟಿಸಿದರು. ಒಂದು ಕಂಪನಿಯ ಪುಟಕ್ಕೆ ಲೈಕ್ ಒತ್ತಿದವರು ಆ ಕಂಪನಿಯ ಸರಕನ್ನು ಹೆಚ್ಚು ಕೊಳ್ಳುತ್ತಾರೆ ಎಂಬುದೇನೋ ನಿಜ. ಆದರೆ ಅವರು ಕೊಳ್ಳುವುದು ಲೈಕ್ ಒತ್ತಿದ್ದರಿಂದ ಅಲ್ಲ. ಮೊದಲೇ ಆ ಸರಕನ್ನು ಇಷ್ಟಪಟ್ಟವರೇ ಲೈಕ್ ಒತ್ತಿರುತ್ತಾರೆ. ಬಸದಿಗೆ ಪ್ರತಿವಾರ ಬರುವವರೇ ಬಸದಿಯ ಪುಟವನ್ನೂ ಹಿಂಬಾಲಿಸುತ್ತಾರೆ. ಹಿಂಬಾಲಿಸಿದ್ದರಿಂದ ಬರತೊಡಗಿದರು ಎಂದು ಭಾವಿಸಿದರೆ ಲೆಕ್ಕ ತಲೆಕೆಳಗಾಗುತ್ತದೆ.

ಅದೇ ತಂಡ ದಕ್ಷಿಣ ಆಫ್ರಿಕಾದ ಡಿಸ್ಕವರಿ ವೈಟಾಲಿಟಿ ಎಂಬ ಆರೋಗ್ಯ ಯೋಜನೆಯ ಹೊಸ ಸದಸ್ಯರ ಮೇಲೆ ಮಾಡಿದ ಪ್ರಯೋಗ ಇನ್ನೂ ಉಪಯುಕ್ತ. ಸುಮ್ಮನೆ ಪುಟಕ್ಕೆ ಲೈಕ್ ಒತ್ತಿಸಿದಾಗ ಸದಸ್ಯರ ನಡವಳಿಕೆಯಲ್ಲಿ ಬದಲಾವಣೆ ಕಾಣಲಿಲ್ಲ. ಸಂಸ್ಥೆ ಫೇಸ್‌ಬುಕ್‌ಗೆ ಹಣ ಕೊಟ್ಟು ಅವರಿಗೆ ತನ್ನ ಸಂದೇಶಗಳು ಕಾಣುವಂತೆ ಮಾಡಿದಾಗ ಅವರ ಚಟುವಟಿಕೆ ಸುಮಾರು ಶೇ. 8ರಷ್ಟು ಹೆಚ್ಚಿತು. ಪುಟಕ್ಕೆ ಹತ್ತು ಸಾವಿರ ಜನ ಸೇರಿದ್ದಾರೆ ಎಂದರೆ ನಾವು ಹಾಕಿದ್ದು ಹತ್ತು ಸಾವಿರ ಜನರಿಗೆ ಕಾಣುತ್ತದೆ ಎಂದಲ್ಲ. 2014ರ ಹೊತ್ತಿಗೇ ಫೇಸ್‌ಬುಕ್ ಪುಟದ ಒಂದು ಬರಹ, ಹಣ ಕೊಡದಿದ್ದರೆ, ಹಿಂಬಾಲಿಸುವವರಲ್ಲಿ ಸರಾಸರಿ ಶೇ. 6ರಷ್ಟು ಜನರಿಗೆ ಮಾತ್ರ ತಲುಪುತ್ತಿತ್ತು ಎಂದು ಒಗಿಲ್ವಿ ಸಂಸ್ಥೆ ಲೆಕ್ಕ ಹಾಕಿತ್ತು.

ದಾನದ ವಿಷಯಕ್ಕೆ ಬಂದರೆ ಚಿತ್ರ ಇನ್ನೂ ನಿಚ್ಚಳ. ಸುಡಾನಿನ ಡಾರ್ಫುರ್ ಪ್ರದೇಶದ ಸಂತ್ರಸ್ತರಿಗಾಗಿ ಫೇಸ್‌ಬುಕ್‌ನಲ್ಲಿ ನಡೆದ ‘ಸೇವ್ ಡಾರ್ಫುರ್’ ಅಭಿಯಾನಕ್ಕೆ 10 ಲಕ್ಷಕ್ಕೂ ಹೆಚ್ಚು ಸದಸ್ಯರಿದ್ದರು. ಅದರ ಸಂಪೂರ್ಣ ದಾಖಲೆಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಸದಸ್ಯರಲ್ಲಿ ಶೇ. 99.76ರಷ್ಟು ಜನ ಒಂದು ಡಾಲರೂ ಕೊಟ್ಟಿರಲಿಲ್ಲ. ಒಟ್ಟು ಸಂಗ್ರಹ 1 ಲಕ್ಷ ಡಾಲರನ್ನೂ ಮುಟ್ಟಲಿಲ್ಲ. ಅಂದರೆ ಸಾವಿರ ಜನ ಸೇರಿದರೆ ಕೊಟ್ಟವರು ಇಬ್ಬರು-ಮೂವರು. ಎಲ್ಲರೆದುರು ಸುಲಭವಾಗಿ ಬೆಂಬಲ ತೋರಿಸಿದವರು ಆಮೇಲೆ ನಿಜವಾದ ಸಹಾಯ ಕೇಳಿದಾಗ ಹಿಂದೆ ಸರಿಯುವುದೇ ಹೆಚ್ಚು ಎಂದು ಅದೇ ವರ್ಷ ಕೆನಡಾದ ಸಂಶೋಧಕರು ತೋರಿಸಿದರು. ‘ಜೈ ಜಿನೇಂದ್ರ’ ಎಂದು ಕಮೆಂಟ್ ಹಾಕಿದ ಮೇಲೆ ತಮ್ಮ ಕರ್ತವ್ಯ ಮುಗಿಯಿತು ಎಂಬ ಸಮಾಧಾನ ಮನಸ್ಸಿಗೆ ಬಂದುಬಿಡುತ್ತದೆ.

ಹಾಗಾದರೆ ಜಾಲತಾಣದಿಂದ ಎಂದೂ ಹಣ ಬಂದಿಲ್ಲವೇ? ಬಂದಿದೆ. 2014ರಲ್ಲಿ ತಲೆಯ ಮೇಲೆ ಮಂಜಿನ ನೀರು ಸುರಿದುಕೊಳ್ಳುವ ‘ಐಸ್ ಬಕೆಟ್’ ಸವಾಲು ನೆನಪಿರಬಹುದು. ನರದೌರ್ಬಲ್ಯದ ಒಂದು ಕಾಯಿಲೆಯ ಸಂಶೋಧನೆಗಾಗಿ ಅಮೆರಿಕದ ಎಎಲ್‌ಎಸ್ ಅಸೋಸಿಯೇಷನ್‌ಗೆ ಅದರಿಂದ 11.5 ಕೋಟಿ ಡಾಲರ್ ಬಂತು. ವ್ಯತ್ಯಾಸ ಎಲ್ಲಿತ್ತು? ಆ ಆಟದ ನಿಯಮದಲ್ಲೇ ದೇಣಿಗೆಯ ಮಾತಿತ್ತು. ವಿಡಿಯೊ ಮಾಡಿದವರು ಮೂವರು ಪರಿಚಿತರ ಹೆಸರು ಹಿಡಿದು ಕರೆಯುತ್ತಿದ್ದರು, ಅವರು ನೀರು ಸುರಿದುಕೊಳ್ಳಬೇಕು ಅಥವಾ ಹಣ ಕೊಡಬೇಕು. ಹೆಸರು ಹಿಡಿದು ಕರೆದರೆ ತಪ್ಪಿಸಿಕೊಳ್ಳುವುದು ಕಷ್ಟ. ಆದರೂ ಮರುವರ್ಷ ಅದೇ ಸವಾಲು ನಡೆದಾಗ ಬಂದದ್ದು ಅದರ ಸಣ್ಣ ಪಾಲು ಮಾತ್ರ.

ಹೆಸರು ಹಿಡಿದು ಕರೆಯುವ ಈ ಉಪಾಯ ನಮ್ಮವರಿಗೆ ಹೊಸದಲ್ಲ. ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕವನ್ನೇ ನೋಡಿ. 1981, 1993, 2006, 2018ರ ಮಹೋತ್ಸವಗಳನ್ನು ದೇಶವೇ ನೋಡಿತು. 2018ರ ಹೊತ್ತಿಗೆ ಮೊಬೈಲಿನಲ್ಲೂ ನೋಡಿತು. ನೋಡಿದವರು ಅಸಂಖ್ಯ. ಆದರೆ ಭಕ್ತರ ಕಡೆಯಿಂದ ಬರುವ ನಿಧಿಯ ಬೆನ್ನೆಲುಬು ಕಲಶ. ಯಾರಿಗೆ ಯಾವ ಕಲಶ, ಯಾವ ದಿನ ಅಭಿಷೇಕ ಎಂದು ಹೆಸರು ಬರೆದು, ರಸೀದಿ ಕೊಟ್ಟು, ಬೆಟ್ಟ ಹತ್ತಿಸಿ, ಕೈಗೆ ಕಲಶ ಕೊಡುವ ಕ್ರಮ ಅದು. ಅಲ್ಲಿ ದಾನಿಗೂ ದಾನಕ್ಕೂ ನಡುವೆ ಸಂಶಯಕ್ಕೆ ಎಡೆಯಿಲ್ಲ. ನೇರ ಪ್ರಸಾರ ನೋಡಿ ಕಣ್ತುಂಬಿಕೊಂಡ ಲಕ್ಷಾಂತರ ಜನರ ಭಕ್ತಿ ಕಡಿಮೆಯದು ಎಂದು ಯಾರೂ ಹೇಳಲಾರರು. ಖಜಾಂಚಿಯ ಪುಸ್ತಕದಲ್ಲಿ ಮಾತ್ರ ಎರಡೂ ಬೇರೆ ಬೇರೆ.

ಆರ್‌ಸಿಬಿ: ಅಭಿಮಾನದ ಬೆಲೆ

ಜನಪ್ರಿಯತೆ ನಿಜಕ್ಕೂ ಹಣವಾದ ಬೆಂಗಳೂರಿನ ಉದಾಹರಣೆ ಯಾವುದು ಎಂದರೆ ಎಲ್ಲರೂ ರಾಯಲ್ ಚಾಲೆಂಜರ್ಸ್ ಹೆಸರು ಹೇಳುತ್ತಾರೆ. 2008ರಲ್ಲಿ 11.16 ಕೋಟಿ ಡಾಲರಿಗೆ ಮಾರಾಟವಾದ ಈ ತಂಡ 2025ರ ಜೂನ್ 3ರವರೆಗೆ ಐಪಿಎಲ್ ಪುರುಷರ ಕಪ್ ಗೆಲ್ಲಲೇ ಇಲ್ಲ. ಆದರೂ ಕಪ್ ಗೆಲ್ಲುವುದಕ್ಕೆ ಮೊದಲೇ ಇನ್‌ಸ್ಟಾಗ್ರಾಂನಲ್ಲಿ ಚೆನ್ನೈ ತಂಡವನ್ನು ಹಿಂದಿಕ್ಕಿ ಐಪಿಎಲ್ ತಂಡಗಳಲ್ಲೇ ಮುಂದೆ ಹೋಗಿತ್ತು. 2025ರ ನವೆಂಬರ್‌ನಲ್ಲಿ ಮಾಲೀಕ ಸಂಸ್ಥೆ ಯುನೈಟೆಡ್ ಸ್ಪಿರಿಟ್ಸ್ ತಂಡದಲ್ಲಿನ ತನ್ನ ಹೂಡಿಕೆಯನ್ನು ಮರುಪರಿಶೀಲಿಸುವುದಾಗಿ ಪ್ರಕಟಿಸಿದಾಗ, ಕೊಂಡ ಬೆಲೆಯ ಎಷ್ಟೋ ಪಟ್ಟು ಮೌಲ್ಯದ ಮಾತು ಕೇಳಿಬಂತು.

ಆದರೆ ಈ ಮೌಲ್ಯ ಬಂದದ್ದು ಲೈಕುಗಳಿಂದ ಎಂದುಕೊಂಡರೆ ತಪ್ಪಾಗುತ್ತದೆ. ಐಪಿಎಲ್‌ನ 2023–27ರ ಪ್ರಸಾರ ಹಕ್ಕು 48,390 ಕೋಟಿ ರೂಪಾಯಿಗೆ ಮಾರಾಟವಾಗಿದೆ. ಆ ಹಣದ ದೊಡ್ಡ ಪಾಲು ತಂಡಗಳಿಗೆ ಹಂಚಿಕೆಯಾಗುತ್ತದೆ. ಹಿಂಬಾಲಿಸುವವರು ಕಡಿಮೆ ಇರುವ ತಂಡಕ್ಕೂ ಅದು ಸಿಗುತ್ತದೆ. ಅಭಿಮಾನಿಗಳ ಸಂಖ್ಯೆ ಪ್ರಾಯೋಜಕರೊಂದಿಗೆ ಚೌಕಾಸಿ ಮಾಡುವಾಗ, ಜೆರ್ಸಿ ಮಾರುವಾಗ, ಟಿಕೆಟ್ ದರ ಇಡುವಾಗ ನೆರವಿಗೆ ಬರುತ್ತದೆ. ಅಂದರೆ ಅಲ್ಲಿ ಹಣ ವಸೂಲಾಗುವ ಕಿಂಡಿಗಳು ಮೊದಲೇ ಕಟ್ಟಿದ್ದವು, ಜನಪ್ರಿಯತೆ ಆ ಕಿಂಡಿಗಳ ಮುಂದಿನ ಸಾಲನ್ನು ಉದ್ದ ಮಾಡಿತು. ‘ಕೂ’ನಲ್ಲಿ ಸಾಲು ಇತ್ತು, ಕಿಂಡಿ ಇರಲಿಲ್ಲ.

ಈ ತಂಡದ ಹೆಸರು ಬಂದಾಗ ಇನ್ನೊಂದು ವಿಷಯ ಬಿಡುವಂತಿಲ್ಲ. ಗೆಲುವಿನ ಮರುದಿನ, 2025ರ ಜೂನ್ 4ರಂದು, ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ನೂಕುನುಗ್ಗಲಿನಲ್ಲಿ 11 ಜನ ಪ್ರಾಣ ಕಳೆದುಕೊಂಡರು. ಪೊಲೀಸರ ಅನುಮತಿ ಇಲ್ಲದೆ ಜಾಲತಾಣದಲ್ಲಿ ಸಂಭ್ರಮಾಚರಣೆಯ ಕರೆ ಕೊಟ್ಟದ್ದರಿಂದ ಅಷ್ಟು ಜನ ಸೇರಿದರು ಎಂದು ಕೇಂದ್ರ ಆಡಳಿತ ನ್ಯಾಯಮಂಡಳಿ ಮೇಲ್ನೋಟಕ್ಕೆ ಅಭಿಪ್ರಾಯಪಟ್ಟಿತು. ಪೋಸ್ಟ್ ಎಷ್ಟು ಜನರಿಗೆ ತಲುಪುತ್ತದೆ ಎಂಬುದು ಹಾಕಿದವರ ಕೈಯಲ್ಲಿರುವುದಿಲ್ಲ. ವಿಹಾರದ ಪುರಪ್ರವೇಶಕ್ಕೋ ಮಸ್ತಕಾಭಿಷೇಕಕ್ಕೋ ‘ಎಲ್ಲರೂ ಬನ್ನಿ’ ಎಂದು ಹಾಕುವ ಮುಂಚೆ, ಸ್ಥಳ ಎಷ್ಟು ಜನರನ್ನು ಹಿಡಿಯುತ್ತದೆ, ಊಟ-ನೀರು ಎಷ್ಟು ಜನಕ್ಕೆ, ಠಾಣೆಗೆ ತಿಳಿಸಿದ್ದೇವೆಯೇ ಎಂದು ಸಮಿತಿ ಒಮ್ಮೆ ಕೂತು ಲೆಕ್ಕ ಹಾಕುವುದು ಕ್ಷೇಮ. ಜೀವದಯೆ ನಮ್ಮ ಧರ್ಮದ ಮೊದಲ ಮಾತು.

ನಮ್ಮ ಸಂಸ್ಥೆಗಳ ಲೆಕ್ಕ

ಈಗ ನಮ್ಮ ಟ್ರಸ್ಟು, ಸಮಿತಿಗಳ ಕಡೆ ಬರೋಣ. ಮೊದಲಿಗೆ ಯೂಟ್ಯೂಬ್ ಜಾಹೀರಾತಿನ ಆಸೆ. ಚಾನೆಲ್‌ಗೆ 1,000 ಚಂದಾದಾರರು ಮತ್ತು ಹನ್ನೆರಡು ತಿಂಗಳಲ್ಲಿ 4,000 ಗಂಟೆ ವೀಕ್ಷಣೆ ಆದ ಮೇಲಷ್ಟೇ ಜಾಹೀರಾತಿನ ಪಾಲು ಪೂರ್ತಿಯಾಗಿ ಸಿಗತೊಡಗುವುದು. ಉದ್ದದ ವಿಡಿಯೊಗಳಲ್ಲಿ ಆದಾಯದ ಶೇ. 55 ಚಾನೆಲ್‌ಗೆ, ಉಳಿದದ್ದು ಯೂಟ್ಯೂಬ್‌ಗೆ. ಕನ್ನಡ ಪ್ರವಚನವೊಂದಕ್ಕೆ ಇದರಿಂದ ಬರುವುದು ವಿದ್ಯುತ್ ಬಿಲ್ಲಿಗೂ ಸಾಲುವುದು ಅಪರೂಪ. ಅದಕ್ಕಿಂತ ಮುಖ್ಯ, ಯಾವ ಜಾಹೀರಾತು ಬರುತ್ತದೆ ಎಂಬುದನ್ನು ಆರಿಸುವವರು ನಾವಲ್ಲ. ಮುನಿಶ್ರೀಗಳ ಪ್ರವಚನದ ಮುಂಚೆ ಬಿರಿಯಾನಿ ಜಾಹೀರಾತು ಬಂದರೆ ಯಾರಿಗೆ ದೂರುವುದು? ಸೆಟ್ಟಿಂಗ್‌ನಲ್ಲಿ ಕೆಲವು ವರ್ಗದ ಜಾಹೀರಾತುಗಳನ್ನು ತಡೆಯುವ ಸೌಲಭ್ಯ ಇದೆ, ಆದರೆ ಎಲ್ಲವನ್ನೂ ಅಲ್ಲ. ಧಾರ್ಮಿಕ ವಿಡಿಯೊಗಳಿಗೆ ಜಾಹೀರಾತು ತೆಗೆದುಕೊಳ್ಳದಿರುವುದೇ ಮೇಲು ಎಂದು ನನ್ನ ಅಭಿಪ್ರಾಯ.

ದೇಣಿಗೆಯ ವಿಷಯದಲ್ಲಿ ಒಂದು ಲೆಕ್ಕವನ್ನು ಕಲ್ಪಿಸಿಕೊಳ್ಳಿ. ವಿದ್ಯಾರ್ಥಿನಿಲಯಕ್ಕೆ ಕೋಣೆ ಕಟ್ಟಲು ಮಾಡಿದ ವಿಡಿಯೊವನ್ನು 50,000 ಜನ ನೋಡಿದರು ಎಂದುಕೊಳ್ಳೋಣ. ಅವರಲ್ಲಿ ಕೊನೆಯವರೆಗೆ ನೋಡಿದವರು ಐದರಲ್ಲೊಂದು ಪಾಲು ಎಂದಿಟ್ಟುಕೊಂಡರೆ 10,000. ಡಾರ್ಫುರ್ ಅಭಿಯಾನದ ಪ್ರಮಾಣದಲ್ಲೇ ಕೊಟ್ಟರೆ 24 ಜನ. ತಲಾ 500 ರೂಪಾಯಿಯಾದರೆ 12,000 ರೂಪಾಯಿ. ವಿಡಿಯೊ ಮಾಡಿಸಲು ಕೊಟ್ಟದ್ದು ಇದಕ್ಕಿಂತ ಹೆಚ್ಚಿದ್ದರೆ ಸಂಸ್ಥೆಗೆ ನಷ್ಟ. ಅದೇ ವಿಡಿಯೊವನ್ನು ಆ ವಿದ್ಯಾರ್ಥಿನಿಲಯದಲ್ಲಿ ಓದಿ ಈಗ ಕೆಲಸದಲ್ಲಿರುವ ಇನ್ನೂರು ಹಳೆಯ ವಿದ್ಯಾರ್ಥಿಗಳಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ, ಮಾರನೆಯ ದಿನ ಸಮಿತಿಯವರೊಬ್ಬರು ಫೋನ್ ಮಾಡಿ “ಒಂದು ಕೋಣೆಯ ಬಾಗಿಲಿನ ಖರ್ಚು ನಿಮ್ಮದಿರಲಿ” ಎಂದು ಕೇಳಿದರೆ ಫಲ ಬೇರೆಯೇ. ಇಲ್ಲಿ ವೀಕ್ಷಣೆ ಇನ್ನೂರು. ಜಾಲತಾಣದ ಭಾಷೆಯಲ್ಲಿ ಇದು ಸೋತ ವಿಡಿಯೊ.

ಹಾಗಾಗಿ ಸಭೆಯಲ್ಲಿ ಪುಟದ ಹಿಂಬಾಲಕರು ಎಷ್ಟಾದರು ಎಂದು ವರದಿ ಮಾಡುವುದರ ಜೊತೆಗೆ, ಕಳೆದ ವರ್ಷ ಕೊಟ್ಟವರಲ್ಲಿ ಎಷ್ಟು ಜನ ಈ ವರ್ಷವೂ ಕೊಟ್ಟರು ಎಂದು ಕೇಳುವುದು ಒಳ್ಳೆಯದು. ಮನೆ ತಿಂಡಿ ಮಾರುವ ಗೃಹಿಣಿಯರಿಗೂ ಅದೇ ಅಳತೆ. ರೀಲ್ಸ್ ನೋಡಿ ಮಂಗಳೂರಿನಿಂದ, ಪುಣೆಯಿಂದ ಮೆಸೇಜ್ ಬರಬಹುದು, ಆದರೆ ಕೊರಿಯರ್ ಖರ್ಚು ಸೇರಿದರೆ ಚಟ್ನಿಪುಡಿಯ ಲಾಭ ಅದಕ್ಕೇ ಹೋಗುತ್ತದೆ. ಪಕ್ಕದ ಅಪಾರ್ಟ್‌ಮೆಂಟಿನ ಹತ್ತು ಮನೆಯವರು ತಿಂಗಳಿಗೊಮ್ಮೆ ತಪ್ಪದೆ ಕೊಂಡರೆ ಅದು ವ್ಯಾಪಾರ.

ಹಣ ಬರತೊಡಗಿದರೂ ಕೆಲವು ತೊಡಕುಗಳಿವೆ. ಪೋಸ್ಟರಿನಲ್ಲಿ ಹಾಕುವ ಕ್ಯೂಆರ್ ಕೋಡ್ ಟ್ರಸ್ಟಿನ ಬ್ಯಾಂಕ್ ಖಾತೆಯದ್ದೇ ಆಗಿರಬೇಕು. ಅವಸರಕ್ಕೆ ಕಾರ್ಯದರ್ಶಿಯ ಸ್ವಂತ ನಂಬರ್ ಹಾಕಿದರೆ ಮುಂದೆ ಲೆಕ್ಕಪರಿಶೋಧನೆಯಲ್ಲೂ, ಸಮಾಜದ ಮಾತಿನಲ್ಲೂ ಅವರೇ ಸಿಕ್ಕಿಕೊಳ್ಳುತ್ತಾರೆ. ಪುಟ ಜನಪ್ರಿಯವಾದಷ್ಟೂ ಅದೇ ಚಿತ್ರ, ಅದೇ ಹೆಸರು ಬಳಸಿ ಬೇರೆ ಕ್ಯೂಆರ್ ಅಂಟಿಸುವ ವಂಚಕರು ಹುಟ್ಟಿಕೊಳ್ಳುತ್ತಾರೆ. ಸ್ಕ್ಯಾನ್ ಮಾಡಿದಾಗ ಕಾಣುವ ಖಾತೆದಾರರ ಹೆಸರು ಟ್ರಸ್ಟಿನದ್ದೇ ಎಂದು ನೋಡಿಕೊಳ್ಳಿ ಎಂದು ಪ್ರತಿ ಮನವಿಯಲ್ಲೂ ಬರೆಯುವುದು ಒಳಿತು.

ರಸೀದಿಯ ವಿಷಯವೂ ಇದೆ. 80ಜಿ ಮಾನ್ಯತೆ ಇರುವ ಸಂಸ್ಥೆಗಳು ದಾನಿಯ ಹೆಸರು, ವಿಳಾಸ, ಪ್ಯಾನ್ ಅಥವಾ ಆಧಾರ್ ವಿವರಗಳೊಂದಿಗೆ ವರ್ಷಕ್ಕೊಮ್ಮೆ ಇಲಾಖೆಗೆ ಪಟ್ಟಿ ಸಲ್ಲಿಸಿದರಷ್ಟೇ ದಾನಿಗೆ ತೆರಿಗೆ ರಿಯಾಯಿತಿಯ ಪ್ರಮಾಣಪತ್ರ ಸಿಗುತ್ತದೆ. 2,000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟದ್ದಕ್ಕೆ ರಿಯಾಯಿತಿ ಇಲ್ಲ. ಕ್ಯೂಆರ್ ಸ್ಕ್ಯಾನ್ ಮಾಡಿ 501 ರೂಪಾಯಿ ಹಾಕಿದ ಅಪರಿಚಿತರ ಈ ವಿವರಗಳು ನಮ್ಮ ಬಳಿ ಇರುವುದಿಲ್ಲ. ಕೊಟ್ಟವರು ಯಾರೆಂದು ದಾಖಲೆ ಇಲ್ಲದ ದೇಣಿಗೆ ಒಂದು ಮಿತಿ ಮೀರಿದರೆ ಧರ್ಮದತ್ತಿ ಸಂಸ್ಥೆ ತೆರಿಗೆ ಕಟ್ಟಬೇಕಾದೀತು. ಕ್ಯೂಆರ್ ಜೊತೆಗೆ ಒಂದು ವಾಟ್ಸ್‌ಆ್ಯಪ್ ನಂಬರ್ ಕೊಟ್ಟು, ಹಣ ಹಾಕಿದವರು ಹೆಸರು ಮತ್ತು ಪ್ಯಾನ್ ಕಳಿಸಿದರೆ ರಸೀದಿ ಕಳಿಸುತ್ತೇವೆ ಎಂದು ಬರೆದು, ಹಾಗೆಯೇ ಕಳಿಸಿದರೆ ಎರಡು ಕೆಲಸ ಆಗುತ್ತವೆ: ದಾಖಲೆ ಸಿಗುತ್ತದೆ, ಮುಂದಿನ ವರ್ಷ ಕೇಳಲು ಒಂದು ಹೆಸರೂ ಸಿಗುತ್ತದೆ.

ಕೊನೆಯದಾಗಿ ವಿದೇಶದ ದೇಣಿಗೆ. ಊರಿನ ಬಸದಿಯ ವಿಡಿಯೊ ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ನೆಲೆಸಿದ ನಮ್ಮವರ ಮನಸ್ಸನ್ನು ಬೇಗ ಮುಟ್ಟುತ್ತದೆ, ಅವರು ಕೊಡುವ ಮನಸ್ಸೂ ಮಾಡುತ್ತಾರೆ. ಅವರು ಇನ್ನೂ ಭಾರತದ ಪೌರರಾಗಿದ್ದು, ಭಾರತದ ಪಾಸ್‌ಪೋರ್ಟ್ ಹೊಂದಿದ್ದು, ಬ್ಯಾಂಕ್ ಮೂಲಕ ಸ್ವಂತ ಹಣ ಕಳಿಸಿದರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಆದರೆ ಆ ದೇಶದ ಪೌರತ್ವ ಪಡೆದವರು, ಓಸಿಐ ಕಾರ್ಡ್ ಇದ್ದರೂ, ಕೊಟ್ಟದ್ದು ವಿದೇಶಿ ದೇಣಿಗೆಯೇ. ಅದನ್ನು ಪಡೆಯಲು ಎಫ್‌ಸಿಆರ್‌ಎ ನೋಂದಣಿ ಬೇಕು, ಹಣ ಮೊದಲು ನವದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ನೋಂದಣಿಗೆ ಸಾಮಾನ್ಯವಾಗಿ ಸಂಸ್ಥೆಗೆ ಮೂರು ವರ್ಷ ತುಂಬಿರಬೇಕು ಮತ್ತು ಆ ಮೂರು ವರ್ಷಗಳಲ್ಲಿ ತನ್ನ ಮೂಲ ಉದ್ದೇಶಗಳಿಗೆ ಕನಿಷ್ಠ 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು. ಇದಿಲ್ಲದವರು ನಿರ್ದಿಷ್ಟ ಕೆಲಸಕ್ಕೆ, ನಿರ್ದಿಷ್ಟ ದಾನಿಯಿಂದ ಪಡೆಯಲು ಪೂರ್ವಾನುಮತಿ ಕೇಳಬಹುದು. ವಿಡಿಯೊದ ಕೆಳಗೆ ಖಾತೆ ಸಂಖ್ಯೆ ಹಾಕುವ ಮೊದಲು ಈ ಒಂದು ಸಾಲನ್ನಾದರೂ ಸೇರಿಸಿ: ‘ವಿದೇಶಿ ಪೌರತ್ವ ಹೊಂದಿರುವ ಬಂಧುಗಳು ಹಣ ಕಳಿಸುವ ಮುನ್ನ ಕಾರ್ಯಾಲಯವನ್ನು ಸಂಪರ್ಕಿಸಬೇಕಾಗಿ ವಿನಂತಿ.’